ತುಂಬುತೋಳಿನ ಅಂಗಿ

ಲಂಡನ್ನಿನಲ್ಲಿ ಎಲ್ಲರೂ ಬಿಸಿಲಿಗಾಗಿ ಕಾಯುತ್ತಾರೆ. ನನಗೆ ಮಾತ್ರ ಬಿಸಿಲು ಬಂತೆಂದರೆ ಕಿರಿಕಿರಿ. ತೊಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಲಂಡನ್ನಿನ ಅಂಚಿನ ನಮ್ಮ ಬಡಾವಣೆ ಪಿನ್ನರ್ ಇಡೀ ತೋಳಿಲ್ಲದ ಅಂಗಿಯಲ್ಲಿ ಓಡಾಡುತ್ತಿದ್ದರೆ ನಾನೊಬ್ಬಳು ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡು ತಿರುಗುತ್ತಿದ್ದೆ. ನನ್ನ ಎಡಗೈ ಮೇಲೆ ಎರಡು ಬರೆಗಳಿವೆ. ಚಿಕ್ಕವಳಿದ್ದಾಗ ಕಾಮಾಲೆಯಾಗಿ ಕಣ್ಣು ಹಳದಿಯಾಗಿದ್ದವು, ಅದಕ್ಕೆಂದು ಮನೆಯವರು ಹಾಕಿಸಿದ್ದರು. ಧಾರವಾಡದ ಹತ್ತಿರದ ನಮ್ಮ ಊರಿನಲ್ಲಿ ಕುಂಟುವ ಎತ್ತಿಗೂ ಕಾಮಾಲೆಯ ಮಗುವಿಗೂ ಬರೆ ಹಾಕುವವನು ಒಬ್ಬನೇ, ಕಬ್ಬಿಣವೂ ಒಂದೇ. ಅಲ್ಲಿ ಇದನ್ನು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಪಿನ್ನರಿನಲ್ಲಿ ಯಾರಿಗೆ ಹೇಳಲಿ? ನಮ್ಮ ಡಾಕ್ಟರ ಹತ್ತಿರ ರಕ್ತ ತೆಗೆಯುವ ನರ್ಸ್ ಕೇಳಿದಾಗ ಇಸ್ತ್ರಿ ಪೆಟ್ಟಿಗೆ ತಾಗಿತ್ತು ಎಂದೆ. ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಒಪ್ಪಿಸಿದೆ.

ನಮ್ಮದು ರಸ್ತೆಯ ಕೊನೆಯ ಮನೆ. ಹಿತ್ತಲ ಬೇಲಿಯಾಚೆ ದನ ಮೇಯುವ ಹುಲ್ಲುಗಾವಲು. ಅದನ್ನು ನಡೆಸುತ್ತಿದ್ದ ವಯಸ್ಸಾದ ಗಂಡ ಹೆಂಡತಿ ಬೇಲಿಯ ಮೇಲಿಂದಲೇ ನಮಗೆ ನೆರೆಯವರಾದರು. ಮೊದಲು ಮೊಟ್ಟೆ ಕೊಟ್ಟರು, ನಾವು ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ ಹಾಲು ಕೊಟ್ಟರು. ಒಮ್ಮೆ ಮಾತಿನ ಭರದಲ್ಲಿ ನಾನು ದನದ ಕೊಟ್ಟಿಗೆಯಲ್ಲೇ ಬೆಳೆದವಳು ಎಂದು ಕೊಚ್ಚಿಕೊಂಡಿದ್ದೆ. ಬೇಕಿತ್ತೇ ನನಗೆ? ಒಂದು ವಸಂತದಲ್ಲಿ ಅವರ ಕೆಲಸದವನು ಕೈಕೊಟ್ಟ. ಆ ಹೆಂಗಸು ಬೇಲಿಗೆ ಬಂದು, ಶನಿವಾರ ಕರುಗಳಿಗೆ ಗುರುತಿನ ಕಿವಿಬಿಲ್ಲೆ ಹಾಕುವುದಿದೆ, ಹಿಡಿದುಕೊಳ್ಳಲು ಬರುತ್ತೀಯಾ ಎಂದು ಕೇಳಿದರು. ಹೂಂ ಅನ್ನದೆ ಬೇರೆ ದಾರಿಯಿರಲಿಲ್ಲ.

ಊರಿನಿಂದ ಅವ್ವ ಬಂದಿದ್ದಳು. ಮನೆಯೊಳಗೆ ಕೂತು ಕೂತು ಅವಳಿಗೆ ಬೇಸರ ಹತ್ತಿತ್ತು. ಕರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೀರೆಯ ಮೇಲೆ ನನ್ನ ಗಂಡನ ಕೋಟು ಏರಿಸಿಕೊಂಡು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಳು.

ಕೊಟ್ಟಿಗೆಗೆ ಹೋದ ಮೇಲೆ ಗೊತ್ತಾಯಿತು, ಕೆಲಸ ಬಿಲ್ಲೆಯದಷ್ಟೇ ಅಲ್ಲ ಎಂದು. ಮೂಲೆಯಲ್ಲಿ ಸಣ್ಣ ಗ್ಯಾಸ್ ಸಿಲಿಂಡರ್, ಅದರ ಬೆಂಕಿಯಲ್ಲಿ ಕೆಂಪಗೆ ಕಾಯುತ್ತಿದ್ದ ಕಬ್ಬಿಣ. ದನಗಳು ಬೆಳೆದ ಮೇಲೆ ಒಂದನ್ನೊಂದು ತಿವಿಯಬಾರದೆಂದು ಕರುವಿದ್ದಾಗಲೇ ಕೊಂಬು ಮೂಡುವ ಜಾಗವನ್ನು ಸುಟ್ಟುಬಿಡುತ್ತಾರಂತೆ. ನಾನು ತೋಳಿನ ಗುಂಡಿ ಮುಟ್ಟಿ ನೋಡಿಕೊಂಡೆ. ಅವ್ವ ಆ ಕಬ್ಬಿಣವನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

ಮೊದಲ ಕರುವಿನ ಕುತ್ತಿಗೆಯನ್ನು ಕಂಕುಳಲ್ಲಿ ಅವಚಿ, ಮೈಯನ್ನು ಮೊಣಕಾಲಿನಿಂದ ಗೋಡೆಗೆ ಒತ್ತಿ ಹಿಡಿದೆ. ಮುದುಕ ಕಬ್ಬಿಣ ಎತ್ತಲಿಲ್ಲ. ಸಿರಿಂಜ್ ತೆಗೆದು ಕರುವಿನ ಕಣ್ಣಿನ ಹಿಂದೆ ಚುಚ್ಚಿ, ಇನ್ನೊಂದು ಬದಿಗೂ ಚುಚ್ಚಿ, ಕಾಯುತ್ತ ನಿಂತ.

“ಅದೇನ ಸೂಜಿ ಅದು?” ಎಂದಳು ಅವ್ವ.

“ಜೋಮ ಬರಾಕ, ಅವ್ವಾ. ಸುಟ್ಟಾಗ ನೋವು ಆಗಬಾರ್ದಂತ.”

“ಕರಕ್ಕ?”

“ಹೂಂ, ಕರಕ್ಕ.”

ಸ್ವಲ್ಪ ಹೊತ್ತಿನ ನಂತರ ಮುದುಕನ ಹೆಂಡತಿ ಜೋಮು ಹತ್ತಿದೆಯೇ ಎಂದು ಕೊಂಬಿನ ಮೊಳಕೆಯ ಸುತ್ತ ಸೂಜಿಮೊನೆ ಒತ್ತಿ ನೋಡಿದರು. ಕರು ಕಿವಿ ಸಹ ಅಲ್ಲಾಡಿಸಲಿಲ್ಲ. ಆಮೇಲೆ ಕಬ್ಬಿಣ ಬಂತು. ಕೂದಲು ಸುಟ್ಟ ವಾಸನೆ ಮೂಗಿಗೆ ಹೊಡೆದದ್ದೇ ನಾನು ಕಣ್ಣು ಮುಚ್ಚಿದೆ. ಕರು ನಿಶ್ಚಿಂತೆಯಿಂದ ನನ್ನ ಅಂಗಿಯ ತೋಳನ್ನು ಚೀಪುತ್ತಿತ್ತು. ಲಂಡನ್ನಿನ ಒಂದು ಕರುವಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಹಾಗೆ ಅನಿಸಿದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತು.

ಚೀಪಿದ ತೋಳು ಜೊಲ್ಲಿನಿಂದ ತೊಯ್ದು ತೊಟ್ಟಿಕ್ಕುತ್ತಿತ್ತು. ಬೇಡ ಬೇಡ ಎನ್ನುವಷ್ಟರಲ್ಲಿ ಆ ಹೆಂಗಸು ತಾಯಿಯ ಸಲಿಗೆಯಿಂದ ನನ್ನ ಗುಂಡಿ ಬಿಚ್ಚಿ ತೋಳನ್ನು ಮೊಣಕೈವರೆಗೆ ಮಡಚಿಬಿಟ್ಟರು. ಅವರ ಕೈ ಅಲ್ಲಿಯೇ ನಿಂತಿತು.

“ಇದೇನಾಯಿತು?” ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

“ಇಸ್ತ್ರಿ ಪೆಟ್ಟಿಗೆ,” ಎಂದು ಗಾಳಿಯಲ್ಲಿ ಕೈಯಾಡಿಸಿ ಇಸ್ತ್ರಿ ಉಜ್ಜಿ ತೋರಿಸಿದೆ. ವರ್ಷಗಟ್ಟಲೆ ಕರುಗಳ ಸುಟ್ಟ ಗಾಯ ನೋಡಿಕೊಂಡು ಬಂದವರ ಮುಂದೆ ಆ ನಾಟಕ. ಅವರು ಒಮ್ಮೆ ಬೆಂಕಿಯತ್ತ, ಒಮ್ಮೆ ನನ್ನ ಕೈಯತ್ತ ನೋಡಿದರು. ನೆಲ ಬಾಯಿಬಿಡಬಾರದೇ ಅನಿಸಿತು. ಇಲ್ಲಿ ಕರುವಿಗೂ ಕೊಡುವ ಸೂಜಿಯನ್ನು ನನ್ನವರು ನನಗೆ ಕೊಡಲಿಲ್ಲ ಎಂದು ಇವರಿಗೆ ತಿಳಿಯಬಾರದು. ಕೋಟು ತೊಟ್ಟು ನಿಂತ ಈ ಮುದುಕಿಯನ್ನು ಇವರು ಕಟುಕಿ ಎಂದುಕೊಳ್ಳಬಾರದು. ನನಗೆ ಬೇಕಿದ್ದದ್ದು ಅಷ್ಟೇ.

ಆದರೆ ಅವ್ವನಿಗೆ ಇಂಗ್ಲಿಷ್ ಬರದಿದ್ದರೂ ಕಣ್ಣಿದ್ದವು.

“ಇಸ್ತ್ರಿ ಅಂತ ಹೇಳಿದಿ?”

ನಾನು ಕರುವಿನ ಬೆನ್ನು ಸವರುತ್ತ ತಲೆ ತಗ್ಗಿಸಿದೆ.

“ಎಲ್ಲಾರಿಗೂ ಹಂಗ ಹೇಳ್ತೀಯೇನವಾ?”

“ಹೂಂ.”

ಅವಳು ಕೋಟಿನ ಜೇಬಿನಿಂದ ಎರಡೂ ಕೈ ಹೊರಗೆ ತೆಗೆದಳು. “ನಿಮ್ಮಪ್ಪಗ ಧೈರ್ಯ ಸಾಲಲಿಲ್ಲ, ಹೊರಗ ಹೋಗಿ ನಿಂತರು. ನಿನ್ನ ಹಿಡಕೊಂಡಾಕಿ ನಾನ. ಭಾಳ ಒದ್ದಾಡಿದಿ. ಗಟ್ಟ್ಯಾಗಿ ಹಿಡಕೊಂಡಿದ್ದೆ. ಹೇಳು ಆಕಿಗೆ.”

ಬರೆ ಹಾಕಿದವನ ಮುಖ ನನಗೆ ನೆನಪಿದೆ, ಕಬ್ಬಿಣ ನೆನಪಿದೆ. ಬೆನ್ನ ಹಿಂದೆ ನನ್ನನ್ನು ಅವಚಿ ಕೂತವರು ಯಾರೆಂದು ಅಷ್ಟು ವರ್ಷ ಒಮ್ಮೆಯೂ ಯೋಚಿಸಿರಲಿಲ್ಲ. ನಾನು ತುಂಬುತೋಳಿನ ಅಂಗಿ ಹಾಕುವುದು ಚಳಿಗಲ್ಲ ಎಂದು ಅವಳಿಗೆ ಬಂದ ದಿನವೇ ತಿಳಿದಿರಬೇಕು. ದಿನವೂ ಆ ಅಂಗಿಗಳನ್ನು ಮಡಚಿಡುತ್ತಿದ್ದವಳು ಅವಳೇ.

“ಹೇಳವಾ,” ಎಂದಳು.

ಹೇಳಿದೆ. ಕಾಮಾಲೆ, ಊರು, ಕಬ್ಬಿಣ, ಹಿಡಿದುಕೊಂಡವಳು ಇವಳು, ಒಂದನ್ನೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ಮುದುಕ ತನ್ನ ಬೂಟು ನೋಡಿಕೊಂಡ. ಅವನ ಹೆಂಡತಿ ಅವ್ವನ ಮುಖವನ್ನೇ ನೋಡುತ್ತಿದ್ದರು. ಎರಡನೆಯ ಕರುವಿಗೆ ಸೂಜಿಮದ್ದು ಕೊಟ್ಟಾದ ಮೇಲೆ, ಒತ್ತಿ ನೋಡುವ ಸೂಜಿಯನ್ನು ಅವ್ವನ ಕೈಗೆ ಕೊಟ್ಟು, ಎಲ್ಲಿ ಒತ್ತಬೇಕೆಂದು ತೋರಿಸಿ ಪಕ್ಕಕ್ಕೆ ಸರಿದರು.

ಅವ್ವ ಕರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸೂಜಿ ಒತ್ತಿದಳು. ಕರು ತಲೆ ಕೊಡವಿತು. ಮುದುಕ ಕಾದ ಕಬ್ಬಿಣ ಹಿಡಿದು ಒಂದು ಹೆಜ್ಜೆ ಮುಂದೆ ಬಂದಿದ್ದ. ಅವ್ವ ತಲೆಯೆತ್ತದೆ ಅಂಗೈ ಅಡ್ಡ ಹಿಡಿದಳು.

“ನಿಂದ್ರಪಾ, ಇನ್ನೂ ಬ್ಯಾನಿ ಆಗತೈತಿ ಅದಕ್ಕ.”

ಕನ್ನಡದ ಒಂದು ಪದವೂ ತಿಳಿಯದ ಆ ಮನುಷ್ಯ ನಿಂತ. ಅವಳು ಮತ್ತೆ ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಕಬ್ಬಿಣ ಆರಿತು. ಅವನು ತಿರುಗಿ ಹೋಗಿ ಮತ್ತೆ ಕಾಯಿಸಲು ಇಟ್ಟ. ಅಷ್ಟು ಹೊತ್ತೂ ಅವ್ವನ ಕೈ ಅಡ್ಡವಾಗಿಯೇ ಇತ್ತು.