ಸೀಟಿ ಕೇಳಿ ಓಡಿದವರು

ಆರ್ವಲ್ ಟಕೆಟ್‌ನ ಮೈಮೇಲೆ ಗಾಯವಿಲ್ಲದ ಜಾಗ ಹುಡುಕುವುದೇ ಕಷ್ಟವಾಗಿತ್ತು. ಎಡಗೈಯ ಎರಡು ಬೆರಳನ್ನು ದಿಮ್ಮಿ ಎಳೆಯುವ ಉಕ್ಕಿನ ಹಗ್ಗ ಕಿತ್ತುಕೊಂಡು ಹೋಗಿತ್ತು. ಭುಜವನ್ನು ಮೇಲಿಂದ ಬಿದ್ದ ಕೊಂಬೆ ಮುರಿದಿತ್ತು. ಮೂಗು ಮಾತ್ರ ಮರ ಮುರಿದದ್ದಲ್ಲ, ಶನಿವಾರದ ಸಂಜೆ ಸಾರಾಯಿ ಅಂಗಡಿಯಲ್ಲಿ ಮನುಷ್ಯರೇ ಮುರಿದದ್ದು. ಹದಿನೆಂಟು ತುಂಬುವ ಮುಂಚೆಯೇ ರೆಡ್‌ವುಡ್ ಮರ ಉರುಳಿಸಲು ನಿಂತವನು ಅವನು. ಒಂದು ಮರ ಬಿತ್ತೆಂದರೆ ಹೊಳೆಯಾಚೆಯ ಮನೆಗಳಲ್ಲಿ ತಟ್ಟೆಗಳು ಕುಣಿಯುತ್ತಿದ್ದವು.

ಇಬ್ಬರು ಎಳೆಯುವ ಗರಗಸದ ಇನ್ನೊಂದು ಹಿಡಿ ಡಾಯಲ್ ಸ್ಕ್ರಗ್ಸ್‌ನ ಕೈಯಲ್ಲಿರುತ್ತಿತ್ತು. ಆಮೇಲೆ ಸರಕಾರ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿ ಮರ ಕಡಿಯುವುದನ್ನು ನಿಲ್ಲಿಸಿತು, ಊರಿನ ಮಿಲ್ಲಿಗೆ ಬೀಗ ಬಿತ್ತು. ಡಾಯಲ್ ಹೋಗಿ ಉದ್ಯಾನದ ನೌಕರನ ಅಂಗಿ ತೊಟ್ಟ. ತಾವಿಬ್ಬರೂ ಬೆವರು ಸುರಿಸಿ ಹಾಕಿದ ಲಾರಿ ದಾರಿಗಳನ್ನೇ ಅಗೆದು ಸಸಿ ನೆಡುವ ಕೆಲಸ. ಆ ವಾರವೇ ಸಾರಾಯಿ ಅಂಗಡಿಯಲ್ಲಿ ಆರ್ವಲ್ ಬಿಲಿಯರ್ಡ್ಸ್ ಕೋಲಿನ ದಪ್ಪ ತುದಿಯಿಂದ ಅವನ ದವಡೆ ಒಡೆದ. ಡಾಯಲ್ ಹಲ್ಲುಗಳನ್ನು ನೆಲಕ್ಕೆ ಉಗಿದು, ಎದ್ದು, ಬಾಗಿಲು ದಾಟಿ ಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆರ್ವಲ್ ಉದ್ಯಾನದೊಳಗೆ ಕಾಲಿಟ್ಟವನೂ ಅಲ್ಲ.

ಅವನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಮಗಳು ರೇಲೀನ್. ಅವನ ಎದೆ ಸರಿಯಿಲ್ಲ, ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ದೇಶದ ಜನವೆಲ್ಲ ದುಡ್ಡು ಸುರಿದು ನೋಡೋಕೆ ಬರೋ ಕಾಡು ನಿನ್ನ ಹಿತ್ತಿಲಲ್ಲಿದೆ, ಇನ್ನೂ ಎಷ್ಟು ದಿನ ಮುನಿಸ್ಕೊಂಡು ಕೂರ್ತೀಯ ಎಂದು ದಬಾಯಿಸಿ, ಬ್ರೆಡ್ಡು, ಹಂದಿಮಾಂಸ ಕಟ್ಟಿಕೊಂಡು, ಸೆಪ್ಟೆಂಬರಿನ ಒಂದು ಬೆಳಗ್ಗೆ ಹೊರಡಿಸಿಯೇ ಬಿಟ್ಟಳು. ದಾರಿಯುದ್ದಕ್ಕೂ ಅವನು ಮರಗಳನ್ನು ನೋಡಲಿಲ್ಲ. ಯಾವ ಮರವನ್ನು ಯಾವ ಕಡೆ ಮಲಗಿಸಬಹುದಿತ್ತು ಎಂದಷ್ಟೇ ನೋಡಿದ.

ತಿರುವಿನಲ್ಲಿ ಡಾಯಲ್ ಒಂದು ಬದಿ ಗುದ್ದಲಿ, ಇನ್ನೊಂದು ಬದಿ ಕೊಡಲಿಯಿದ್ದ ಗುದ್ದಲಿಕೊಡಲಿ ಹಿಡಿದು ದಾರಿಗೆ ಚಾಚಿದ ಬೇರು ಕಡಿಯುತ್ತಿದ್ದ. ಸೊಟ್ಟ ದವಡೆಯಲ್ಲೇ ಮಾತು ಹೊರಟಿತು.

"ಬಂದ್ಯಾ ಆರ್ವಲ್. ನಾವು ಕಡಿಯದೆ ಬಿಟ್ಟ ಮರಗಳು ಚೆನ್ನಾಗಿ ಬೆಳೆದಿವೆ ನೋಡು."

ಆರ್ವಲ್ ಅವನ ಬೂಟಿನ ಪಕ್ಕಕ್ಕೇ ಉಗಿದ. "ಆ ಕಡೆ ದವಡೆ ಇನ್ನೂ ನೆಟ್ಟಗಿದೆಯಲ್ಲೋ. ಅದನ್ನೂ ನೋಡ್ಕೊಳ್ಲಾ?"

ರೇಲೀನ್ ನಾಚಿಕೆಯಿಂದ ಅಪ್ಪನ ತೋಳು ಹಿಡಿದು ಮುಂದೆ ನಡೆಸಿದಳು. ಕವಲುದಾರಿಯಲ್ಲಿ ಮೇಲಕ್ಕೆ ಹತ್ತಿ ಬುತ್ತಿ ಬಿಚ್ಚುವಷ್ಟರಲ್ಲಿ ಕೆಳಗಿನ ಹುಲ್ಲುಗಾವಲಿನಿಂದ ಸೀಟಿ ಕೇಳಿತು. ಉದ್ದಕ್ಕೆ, ಮತ್ತೆ ಉದ್ದಕ್ಕೆ, ನಿಲ್ಲದೆ.

ಮರ ಕಡಿಯುವವರ ಕಾಡಿನಲ್ಲಿ ಆ ಸೀಟಿಗೆ ಒಂದೇ ಅರ್ಥ. ಯಾರೋ ದಿಮ್ಮಿಯಡಿ ಸಿಕ್ಕಿದ್ದಾನೆ, ಸತ್ತಿದ್ದಾನೆ ಅಥವಾ ಸಾಯುತ್ತಿದ್ದಾನೆ. ಅದು ಕೇಳಿದರೆ ಗರಗಸ ಬಿಟ್ಟು, ಊಟ ಬಿಟ್ಟು, ಜಗಳ ಬಿಟ್ಟು ಎಲ್ಲರೂ ಓಡಬೇಕು. ಊರಿನಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಯಾರೋ ಪ್ರವಾಸಿಗರು ಪ್ರಾಣಿ ಓಡಿಸುತ್ತಿದ್ದಾರೆ, ನಿಲ್ಲಪ್ಪ ಎಂದು ರೇಲೀನ್ ಕೂಗಿದಳು. ಅವಳ ಮಾತು ಮುಟ್ಟುವಷ್ಟು ಹತ್ತಿರದಲ್ಲಿ ಅವನಿರಲಿಲ್ಲ.

ಅವಳು ಹೇಳಿದ್ದೇ ನಿಜ. ಬೆದೆಗಾಲದ ಮದವೇರಿದ ಗಂಡು ಎಲ್ಕ್ ಕಡವೆಯೊಂದು ಹಾದಿಗೆ ಅಡ್ಡ ನಿಂತಿತ್ತೆಂದು ಗಂಡಹೆಂಡಿರಿಬ್ಬರು ಬಿದ್ದ ಮರದ ಮೇಲೇರಿ ಪ್ಲಾಸ್ಟಿಕ್ ಸೀಟಿ ಊದುತ್ತಿದ್ದರು. ಬುದ್ಧಿಯಿದ್ದವರೆಲ್ಲ ಆ ಸದ್ದಿನಿಂದ ದೂರ ಸರಿದಿದ್ದರು. ಅದರ ಕಡೆಗೇ ಓಡಿದವರು ಇಡೀ ಕಾಡಿನಲ್ಲಿ ಇಬ್ಬರೇ. ಡಾಯಲ್ ಹತ್ತಿರದಲ್ಲಿದ್ದ, ಮೊದಲು ತಲುಪಿದ. ದಿಮ್ಮಿಯಡಿ ಸಿಕ್ಕವನನ್ನು ಹುಡುಕುತ್ತ ನೆಲ ನೋಡಿಕೊಂಡೇ ಬಯಲಿಗೆ ನುಗ್ಗಿದ. ಕಡವೆ ಅವನ ಮೇಲೆ ತಿರುಗಿತು.

ಆರ್ವಲ್ ಬಂದಾಗ ಕವಲುಗೊಂಬು ಡಾಯಲ್‌ನ ಪಕ್ಕೆಯ ಕೆಳಗೆ ಇಳಿದಿತ್ತು. ಪ್ರಾಣಿ ಅವನನ್ನು ನೆಲಕ್ಕೊತ್ತಿ, ಕುತ್ತಿಗೆ ತಿರುಚಿ ತಿರುಚಿ ಅಗೆಯುತ್ತಿತ್ತು. ಬಿದ್ದಿದ್ದ ಗುದ್ದಲಿಕೊಡಲಿಯನ್ನು ಎತ್ತಿ ಆರ್ವಲ್ ಅದರ ಮೂತಿಗೆ ಬಾರಿಸಿದ. ಅದು ತಲೆ ಎತ್ತಿ ಒಂದೇ ಬೀಸಿಗೆ ಅವನ ತೊಡೆಯನ್ನು ಎಲುಬು ಕಾಣುವಂತೆ ಸೀಳಿತು. ಅವನು ಬೀಳಲಿಲ್ಲ. ಕೊಂಬಿನ ಬುಡಕ್ಕೆ ಹೊಡೆದ, ಕಣ್ಣಿಗೆ ಹೊಡೆದ, ಮತ್ತೆ ಅದೇ ಕಣ್ಣಿಗೆ ಹೊಡೆದ. ಕೊನೆಗೆ ಪ್ರಾಣಿ ಗೊರಕೆಯಂಥ ಸದ್ದು ಮಾಡಿ, ರಕ್ತ ಸುರಿಸುತ್ತ ಜರಿಗಿಡಗಳೊಳಗೆ ತೂರಿ ಹೋಯಿತು.

ಆರ್ವಲ್ ಮಂಡಿಯೂರಿ ಎರಡೂ ಅಂಗೈಗಳನ್ನು ಡಾಯಲ್‌ನ ಹೊಟ್ಟೆಗೆ ಒತ್ತಿದ. ಬೆರಳಿಲ್ಲದ ಸಂದಿಯಲ್ಲಿ ರಕ್ತ ಉಕ್ಕುತ್ತಲೇ ಇತ್ತು.

"ಯಾರ್ ಸತ್ರು?" ಡಾಯಲ್ ಕೇಳಿದ.

"ಯಾರೂ ಇಲ್ಲ ಕಣೋ."

"ಮತ್ತೆ ಸೀಟಿ ಹಾಕಿದ್ರಲ್ಲ?"

"ಪಾಪ, ಅವರಿಗೇನ್ ಗೊತ್ತು."

ಡಾಯಲ್ ನಗಲು ಹೋದ. ಸೊಟ್ಟ ಬಾಯಿಯ ತುದಿಯಲ್ಲಿ ರಕ್ತ ಬಂತು. "ನೀನೂ ಓಡ್ಬಂದ್ಯಾ, ಮುದಿಯಾ."

"ಸುಮ್ನಿರೋ. ಉಸಿರಾಡು."

ಅವನು ಉಸಿರಾಡಲಿಲ್ಲ. ರೇಲೀನ್ ಬಂದು ಕೈಬಿಡಿಸುವವರೆಗೂ ಆರ್ವಲ್ ಒತ್ತಿ ಹಿಡಿದೇ ಇದ್ದ.

ಹೆಣ ಕೆಳಗಿಳಿಸಿದ ಮೇಲೂ ಅವನು ಆಂಬುಲೆನ್ಸ್ ಹತ್ತಲಿಲ್ಲ. ತೊಡೆಗೆ ಬೆಲ್ಟು ಬಿಗಿದುಕೊಂಡು ಉದ್ಯಾನದ ಗೇಟಿನ ನಡುವೆ ಹೋಗಿ ನಿಂತ. ಆ ಒಂದು ದಾರಿ ಮುಚ್ಚಿದೆ, ಮಿಕ್ಕವು ತೆರೆದಿವೆ ಎಂದು ಕಾವಲಿನವನು ಹೇಳುತ್ತಿದ್ದ; ಕಾರುಗಳು ಬರುತ್ತಲೇ ಇದ್ದವು. ಕಾಡಿನಲ್ಲಿ ಒಬ್ಬ ಸತ್ತ ದಿನ ಮತ್ತೊಬ್ಬ ಗರಗಸ ಎತ್ತುವುದಿಲ್ಲ, ಎಲ್ಲರೂ ಮನೆಗೆ ನಡೆಯುತ್ತಾರೆ. ಅವನಿಗೆ ಗೊತ್ತಿದ್ದ ಕಾನೂನು ಅದೊಂದೇ.

"ಇವತ್ತು ಯಾರೂ ಒಳಗೆ ಹೋಗಂಗಿಲ್ಲ," ಎಂದ ಮೊದಲ ಕಾರಿನವನಿಗೆ. "ಮನೆಗ್ ಹೋಗಿ."

ನೀನ್ಯಾರು ಹೇಳೋಕೆ, ಉದ್ಯಾನದ ನೌಕರನಾ ಎಂದು ಕಾರಿನವನು ಕೇಳಿದ.

"ಸತ್ತೋನ ಜೋಡಿ ನಾನು. ಗರಗಸದ ಆಚೆ ತುದಿ ನಂದು."

ಕಾರು ಮೆಲ್ಲಗೆ ಮುಂದೆ ಸರಿಯಿತು. ಆರ್ವಲ್ ಬಯಲಿನಿಂದ ಎತ್ತಿ ತಂದಿದ್ದ ಗುದ್ದಲಿಕೊಡಲಿ ಬೀಸಿ ಅದರ ದೀಪ ಪುಡಿಮಾಡಿದ. ಕಾವಲಿನವನು ಓಡಿಬಂದು ಒಡೆದ ಗಾಜನ್ನೂ, ರಕ್ತ ತುಂಬಿದ ಬೂಟನ್ನೂ ನೋಡಿದ. ಆರ್ವಲ್‌ನ ಪಕ್ಕದಿಂದಲೇ ದಾಟಿ ಹೋಗಿ ಗೇಟು ಎಳೆದು ಮುಚ್ಚಿದ.