ಹಾಡದೆ ಬಿಟ್ಟ ಮಂಗಳ

ನಮ್ಮ ಮನೆಗೆ ಬಂದವರೆಲ್ಲ ನನ್ನ ನಾಯಿಗಳಿಗೆ ಶಿಸ್ತಿಲ್ಲ ಎಂದು ದೂರುತ್ತಾರೆ. ನಿಜ, ಇಲ್ಲ. ಮಂಚ ಹತ್ತುತ್ತವೆ, ನಾನು ಶ್ರುತಿ ಹಿಡಿದರೆ ಜೊತೆಗೆ ಊಳಿಡುತ್ತವೆ. ನಾಟಕ ಕಂಪನಿಯಲ್ಲಿ ಹಾಡಲು ಸೇರಿದಾಗಿನಿಂದ ಇವತ್ತಿನವರೆಗೆ, ಒಂದು ವರ್ಷ ಬಿಟ್ಟರೆ, ನಾನು ನಾಯಿಯಿಲ್ಲದೆ ಬದುಕಿದವಳಲ್ಲ. ಬುದ್ಧಿ ಕಲಿಸಿದ್ದು ಮಾತ್ರ ಒಂದಕ್ಕೇ.

ಅದು ಯಳಂದೂರಿನ ಕ್ಯಾಂಪಿನಲ್ಲಿ ನನಗೆ ಅಂಟಿಕೊಂಡ ಕೆಂಚು ಬಣ್ಣದ ಬೀದಿನಾಯಿ. ಆಗ ನನಗೆ ಹತ್ತೊಂಬತ್ತು. ರಾಣಿಯ ಪಾತ್ರಗಳೆಲ್ಲ ನನ್ನವೇ. ಕೊಳ್ಳೇಗಾಲದ ಮೊದಲ ನಾಟಕದಲ್ಲಿ ನಾನು ವಿಷ ಕುಡಿದು, ಕೊನೆಯ ಪದ ಹಾಡಿ ಸತ್ತು ಬಿದ್ದೆ. ಪರದೆಯ ಪಕ್ಕದಿಂದ ನಾಯಿ ಓಡಿಬಂದು ಮುಖ ನೆಕ್ಕತೊಡಗಿತು. ಸತ್ತ ರಾಣಿಗೆ ನಗು ತಡೆಯಲಾಗಲಿಲ್ಲ. ಜನ “ವನ್ಸ್ ಮೋರ್” ಎಂದು ಕೂಗಿದರು, ನನ್ನ ಹಾಡಿಗಲ್ಲ, ನಾಯಿಗೆ.

“ಇನ್ನೊಂದ್ ಸಲ ಸ್ಟೇಜ್ ಅತ್ತುದ್ರೆ ಅದನ್ನ ಓಡುಸ್ಬುಡ್ತೀನಿ. ಜೊತೇಲಿ ನೀನೂ ಓಗದಾದ್ರೆ ಓಗಮ್ಮ” ಎಂದರು ಕಂಪನಿಯ ಮಾಲೀಕರು.

ಅವತ್ತಿನಿಂದ ಪಾಠ ಶುರುವಾಯಿತು. ಬಣ್ಣದ ಕೋಣೆಯಲ್ಲಿ ನನ್ನ ಟ್ರಂಕಿನ ಪಕ್ಕ ಕೂರಿಸಿ, “ಕೂತಿರು” ಎಂದು ಹೇಳಿ ಹೋಗುವುದು. ನಾಟಕ ಮುಗಿದು ಎಲ್ಲರೂ ಸಾಲಾಗಿ ನಿಂತು ಮಂಗಳ ಹಾಡಿದ ಮೇಲೆ ಬಂದು ಒಂದು ಚೂರು ಬೆಲ್ಲ ಕೊಡುವುದು. ನಾಯಿ ಬಾಲ ಡೊಂಕೇ ಎಂದು ಕಂಪನಿಯವರು ನಕ್ಕರು. ಹದಿನೈದು ದಿನದಲ್ಲಿ ಅದು ಕಲಿತೇಬಿಟ್ಟಿತು. ನಾನು ಸತ್ತರೂ ಅತ್ತರೂ ಅಲ್ಲಾಡುತ್ತಿರಲಿಲ್ಲ. ಮಂಗಳ ಮುಗಿದರೆ ಎದ್ದು, ಮೈ ಕೊಡವಿ, ಬಾಗಿಲಿಗೆ ಬರುತ್ತಿತ್ತು. ನಮ್ಮ ತಬಲದವರಿಗಿಂತ ಇದಕ್ಕೇ ತಾಳ ಗೊತ್ತು ಎಂದು ಜಂಬ ಕೊಚ್ಚುತ್ತಿದ್ದೆ.

ಹನೂರಿನ ಕ್ಯಾಂಪು ಮುಗಿದಾಗ ಕಂಪನಿ ಹುಬ್ಬಳ್ಳಿಯ ಕಡೆಗೆ ಹೊರಟಿತು. ಮೈಸೂರಿನಿಂದ ರೈಲು, ರೈಲಿಗೆ ನಾಯಿ ಕೂಡದು ಎಂದರು ಮಾಲೀಕರು. ನನ್ನ ದುಡಿಮೆ ನಂಬಿದ ಅಮ್ಮ ಊರಲ್ಲಿದ್ದಳು, ಕಂಪನಿ ಬಿಡುವ ಧೈರ್ಯ ಬರಲಿಲ್ಲ. ನಾಟಕದ ಬಯಲಿನ ಎದುರಿಗೆ ಇಡ್ಲಿ ಮಾರುತ್ತಿದ್ದ ಹೆಂಗಸಿಗೆ ನಾಯಿಯನ್ನು ಒಪ್ಪಿಸಿದೆ. ಬಿಟ್ಟರೆ ಗಾಡಿಯ ಹಿಂದೆ ಓಡಿಬರುತ್ತದೆ. ಕಟ್ಟಿದರೆ ಕೂಗುತ್ತದೆ, ಆ ಕೂಗು ಕೇಳಿದರೆ ನಾನು ಹೊರಡಲಾರೆ. ಬೆಳಗ್ಗೆ ಅವಳ ಜಗುಲಿಯ ಮೇಲೆ ಅದನ್ನು ಕೂರಿಸಿ “ಕೂತಿರು” ಎಂದೆ. ಕೂತಿತು. ಗಾಡಿ ಹೊರಟರೂ ಬಾಲ ಆಡಿಸುತ್ತ ಕೂತೇ ಇತ್ತು. ಎಂಥ ಜಾಣೆ ನಾನು ಅಂದುಕೊಂಡೆ. ಪಾಪಿ ನಾನು.

ಆ ವರ್ಷವೆಲ್ಲ ಮಂಗಳ ಮುಗಿದೊಡನೆ ಬಣ್ಣದ ಕೋಣೆಗೆ ಓಡುತ್ತಿದ್ದೆ. ಒಳಗೆ ಬಂದರೆ ಟ್ರಂಕಿನ ಪಕ್ಕ ಬರೀ ನೆಲ. ಆದರೂ ಸೆರಗಿಗೆ ಬೆಲ್ಲ ಕಟ್ಟಿಕೊಳ್ಳುವುದನ್ನು ಬಿಡಲಿಲ್ಲ, ಸೀರೆಗೆ ಇರುವೆ ಮುತ್ತುತ್ತಿತ್ತು.

ಮರುವರ್ಷ ಕಂಪನಿ ಕೊಳ್ಳೇಗಾಲಕ್ಕೆ ಬಂದ ಮಾರನೆಯ ಬೆಳಗ್ಗೆಯೇ ಬಸ್ಸು ಹತ್ತಿ ಹನೂರಿಗೆ ಹೋದೆ. ಜಗುಲಿ ಖಾಲಿಯಿತ್ತು. ಇಡ್ಲಿಯವಳು ನನ್ನ ಮುಖ ನೋಡಲಾರದೆ ಒಲೆಯ ಕಡೆ ತಿರುಗಿದಳು.

“ಮೂರ್ ತಿಂಗ್ಳು ಈ ಜಗ್ಲಿ ಬುಟ್ಟು ಓಗ್ನಿಲ್ಲ ಕಣವ್ವ. ಅನ್ನ ಆಕುದ್ರೆ ತಿನ್ನದು, ತಿರ್ಗಾ ಬಂದು ಇಲ್ಲೇ ಕೂರದು. ಆಮೇಕೆ ಬ್ಯಾರೆ ಕಂಪ್ನಿಯೋರು ಬಂದು ಇದೇ ಬಯಲಲ್ಲಿ ನಾಟ್ಕ ಆಡುದ್ರು. ಅವ್ರು ಮಂಗ್ಳ ಮುಗುಸ್ತಿದ್ದಂಗೇ ಎದ್ದು ಮೈ ಒದರ್ಕಂಡು ಓಡ್ತು. ಬಣ್ಣದ್ ಕೋಣೆ ಬಾಗ್ಲಲ್ಲಿ ನಿಂತ್ಕಂಡು, ಈಚ್ಗೆ ಬಂದ್ ಎಂಗುಸ್ರ ಸೀರೆಯೆಲ್ಲ ಒಬ್ಬೊಬ್ರುದೇ ಮೂಸ್ತು. ಕೊನೇವ್ಳೂ ಬಂದ್ಮ್ಯಾಕೆ ಕೊಳ್ಳೇಗಾಲದ್ ರೋಡಿಡ್ಕಂಡು ಓಯ್ತು. ನಾ ಎಷ್ಟ್ ಕೂಗುದ್ರೂ ತಿರುಗ್ ನೋಡ್ನಿಲ್ಲ.”

ಬಸ್ಸಿಗೆ ಕಾಯಲಿಲ್ಲ. ಆ ರಸ್ತೆಯಲ್ಲಿ ನಡೆದೇ ಹೊರಟೆ, ನಮ್ಮ ಕಂಪನಿಯ ಮಂಗಳವನ್ನು ಗಂಟಲು ಬಿರಿಯುವಂತೆ ಹಾಡುತ್ತ. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಮುಗಿಸಿ ಮತ್ತೆ ಮೊದಲಿನಿಂದ ಹಾಡಿದೆ. ಕೊಳ್ಳೇಗಾಲ ಬರುವ ಹೊತ್ತಿಗೆ ದನಿ ಪೂರ್ತಿ ಹೋಗಿತ್ತು, ನಾಯಿ ಎಲ್ಲಿಂದಲೂ ಎದ್ದು ಬರಲಿಲ್ಲ.