ಮಗ್ಗದ ಕುಣಿಯಲ್ಲಿ ಅಡಗಿದ ಕರಿಯನನ್ನು ತುಳಸಿಗೇರಿ ಹನುಮಪ್ಪ ಉಳಿಸಿದ್ದು

ನಮ್ಮ ನಾಯಿ ಕರಿಯ ಬಾಯಿ ಮುಚ್ಚಲಾರದೆ ಮನೆಗೆ ಬಂದದ್ದು ಪ್ಲೇಗು ಇಳಿದ ಮರುವರ್ಷ, ಶ್ರಾವಣದ ಒಂದು ಶನಿವಾರ ಮುಂಜಾನೆ. ಜೊಲ್ಲಿನಲ್ಲಿ ನೆತ್ತರಿತ್ತು. ಮುಂಗಾಲಿನಿಂದ ಮೂತಿ ಕೆರೆದುಕೊಳ್ಳುತ್ತಿತ್ತು.

ನಾಯಿಯನ್ನು ಮುದ್ದು ಮಾಡುವ ಹೆಂಗಸು ನಾನಲ್ಲ. ಆದರೆ ಪ್ಲೇಗಿಗೆ ಹೆದರಿ ಕಮತಗಿ ಊರಿನ ನಾವೆಲ್ಲ ಮನೆಗೆ ಕೀಲಿ ಹಾಕಿ ಹೊಲದ ಗುಡಿಸಲು ಸೇರಿದಾಗ, ಎರಡು ತಿಂಗಳು ನನ್ನ ಮಗ್ಗ ಕಾಯ್ದದ್ದು ಅದೊಂದೇ. ಅದರ ರೊಟ್ಟಿಯ ಋಣ ತೀರಿತ್ತು, ನನ್ನದು ತೀರಿರಲಿಲ್ಲ.

ಗಾಯವೆಂದರೆ ನಮಗೆ ಗೊತ್ತಿದ್ದದ್ದು ಸುಣ್ಣ ಅರಿಷಿಣ. ಬಾಯೊಳಗೆ ಏನಾಗಿದೆ ಎಂದು ನೋಡದೆ ಎರಡನ್ನೂ ಕಲಸಿ ವಸಡಿಗೆ ಬಳಿದುಬಿಟ್ಟೆ. ಕರಿಯ ಚೀರುತ್ತ ಓಣಿಗೆ ಓಡಿತು. ಸುಣ್ಣ ಕೂಡಿದರೆ ಅರಿಷಿಣ ಕೆಂಪಾಗುತ್ತದೆ. ನಾಯಿಯ ಬಾಯಿಂದ ಕೆಂಪು ನೊರೆ ಸುರಿಯಿತು.

“ಹುಚ್ಚ ಹಿಡದೈತಿ! ಬಡಿಗಿ ತರ್ರಿ!” ಎಂದು ಎದುರುಮನೆಯ ಬಸಪ್ಪ ಕೂಗಿದ. ನಾಲ್ಕು ಮಂದಿ ಕೂಡಿದರು. ಕರಿಯ ಓಡಿಬಂದು, ನೇಯುವಾಗ ನಾನು ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಅಡಗಿತು. ನಾನು ಹೊಸ್ತಿಲಿಗೆ ಅಡ್ಡ ಕುಳಿತೆ.

“ಸುಣ್ಣ ನಾನ ಹಚ್ಚೇನಿ, ಬಸಪ್ಪ.”

“ಸುಳ್ಳ ಹೇಳಬ್ಯಾಡ ಚಿಗವ್ವ. ನಾಳಿ ನಿನ್ನ ಕಡದರ ಹೊಣಿ ಯಾರು? ಏಳು.”

ನನಗೂ ಸಂಶಯ ಬಂತು. ಖರೆ ಹುಚ್ಚೇ ಇದ್ದರೆ? ಗೋಡೆಯ ಗೂಡಿನಲ್ಲಿದ್ದ ತುಳಸಿಗೇರಿ ಹನುಮಪ್ಪನ ಕಡೆ ತಿರುಗಿ, “ಹುಚ್ಚಿದ್ರ ನಾನ ಏಳತೇನಿ. ಇಲ್ಲಂದ್ರ ತಿಳಿದವರನ್ನ ಕಳಸು. ಜಲ್ದಿ ಕಳಸಪಾ, ಇವರು ನಿಲ್ಲೂ ಮಂದಿ ಅಲ್ಲ” ಎಂದೆ.

ಬಂದವನು ಇಮಾಮಸಾಬ, ಎತ್ತು ಕುದುರೆಗಳ ಕಾಲಿಗೆ ಕಬ್ಬಿಣದ ನಾಲು ಬಡಿಯುವವನು. ಹುನಗುಂದಕ್ಕೆ ಹೊರಟವನ ಚಕ್ಕಡಿಯ ಕೀಲು ನಮ್ಮ ಓಣಿಯಲ್ಲೇ ಮುರಿದಿತ್ತು. ಗದ್ದಲ ಕೇಳಿ ಬಂದ.

“ಬಾಯಾಗ ಏನ ಹಾಕಿದಿ, ಅವ್ವ?”

“ಸುಣ್ಣ ಅರಿಷಿಣ.”

“ನೀ ಒಂದ ಬೆರಳ ಸುಣ್ಣ ನೆಕ್ಕಿ ಸುಮ್ಮಕ ಕುಂದರು ನೋಡೂಣು!”

ಬಸಪ್ಪನೂ ನಕ್ಕ. ಬಡಿಗೆ ಮಾತ್ರ ಕೆಳಗಿಡಲಿಲ್ಲ.

ಇಮಾಮಸಾಬ ನಾಯಿಗೆ ಕಂಬಳಿ ಸುತ್ತಿ ಬಾಗಿಲ ಬಿಸಿಲಿಗೆ ತಂದ. ಕಚ್ಚದ ಹಾಗೆ ನನ್ನ ಮಗ್ಗದ ಮರದ ಲಾಳಿಯನ್ನು ದವಡೆ ಹಲ್ಲುಗಳ ನಡುವೆ ಅಡ್ಡ ಇಟ್ಟ. ಬಾಯಿ ತೆರೆಯಿತು. ಅಂಗುಳಿನಲ್ಲಿ, ಈ ಹಲ್ಲಿನಿಂದ ಆ ಹಲ್ಲಿಗೆ, ಎಲುಬಿನ ಚೂರೊಂದು ಗೂಟದಂತೆ ಸಿಕ್ಕಿಕೊಂಡಿತ್ತು.

“ಇಕಾ, ನಿಮ್ಮ ಹುಚ್ಚು!” ಎಂದು ಇಕ್ಕಳದಿಂದ ಎಳೆದುಹಾಕಿದ. “ತಲಿ ಕೆಳಗ ಮಾಡಿ ಹಿಡಿ ಅವ್ವ, ನೀರು ಗಂಟಲಕ್ಕ ಇಳೀಬಾರದು. ಸುಣ್ಣೆಲ್ಲಾ ತೊಳದು ಹೋಗಲಿ.”

ತಂಬಿಗೆ ಹಿಡಿದು ನೀರು ಹೊಯ್ದವನು ಬಸಪ್ಪನೇ. ನೆತ್ತರು ಬರುವಲ್ಲಿ ತೊಯ್ದ ಅರಿವೆ ಒತ್ತಿ ಹಿಡಿದೆವು, ನಿಂತಿತು. ಎಂಟು ದಿನ ರೊಟ್ಟಿ ಹಾಕದೆ ಆರಿದ ಅಂಬಲಿ ಕುಡಿಸಿದೆ. ಒಂಬತ್ತನೆಯ ದಿನ ಅದು ಬಸಪ್ಪನಿಗೇ ಬೊಗಳಿತು.

ಆಮೇಲೆ ತುಳಸಿಗೇರಿಗೆ ನಡೆದು ಹೋಗಿ ಕಾಯಿ ಒಡೆಸಿ ಬಂದೆ. ಕೀಲು ತಾನಾಗಿ ಮುರಿಯಿತು ಎನ್ನುವವರು ಅನ್ನಲಿ. ಹಿಂದಿನ ಓಣಿಯಲ್ಲಿ ಮುರಿದಿದ್ದರೆ ನಾನು ಕರಿಯನನ್ನು ಹೂಳಬೇಕಾಗುತ್ತಿತ್ತು, ಅದೂ ನಾನು ಬಳಿದ ಸುಣ್ಣಕ್ಕೆ. ಭಕ್ತರೇ, ದೇವರನ್ನು ಕೂಗಿರಿ, ಕೂಗುವ ಮೊದಲು ನಾಯಿಯ ಬಾಯಿ ತೆರೆದು ನೋಡಿರಿ.

ಹಲ್ಲು ನಾಟಿದ ಆ ಲಾಳಿ ಈಗ ನೇಯ್ಗೆಗೆ ಬಾರದು, ನೂಲು ಸಿಕ್ಕುತ್ತದೆ. ಹನುಮಪ್ಪನ ಗೂಡಿನಲ್ಲಿಟ್ಟಿದ್ದೇನೆ. ಶನಿವಾರ ಅವನಿಗೆ ಹೂ ಏರಿಸುವಾಗ ಅದಕ್ಕೂ ಒಂದು ಇಡುತ್ತೇನೆ.